ಒಂದೇ ನಂಬರು, ಹತ್ತಾರು ಸಿಪಾಯಿಗಳು

ಲೀಡ್ಸ್‌ನಲ್ಲಿರುವ ಗೆಳೆಯನೊಬ್ಬ ಹೋದ ವರ್ಷ ಅಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಪದಕ ಕೊಂಡು, ಫೋಟೋ ತೆಗೆದು ವಾಟ್ಸಾಪ್‌ಗೆ ಕಳಿಸಿದ. ಬೆಳ್ಳಿ ಪದಕ. ಒಂದು ಕಡೆ ಐದನೇ ಜಾರ್ಜ್ ದೊರೆಯ ಮುಖ. ಇನ್ನೊಂದು ಕಡೆ ಕುದುರೆ ಮೇಲೆ ಕೂತವನೊಬ್ಬ, 1914 ಮತ್ತು 1918 ಅಂತ ಇಸವಿ. ಅವನ ಕುತೂಹಲ ಇದ್ದದ್ದು ಅಂಚಿನ ಮೇಲಿನ ಬರಹದ ಬಗ್ಗೆ. ಬೆರಳಲ್ಲಿ ಸವರಿದರೆ ತಿಳಿಯುವಷ್ಟು ಸಣ್ಣಗೆ ಒತ್ತಿದ ಅಕ್ಷರಗಳು: ಮೊದಲು ಐದಂಕಿಯ ನಂಬರು, ಆಮೇಲೆ ಪ್ರೈವೇಟ್ ಅನ್ನೋ ದರ್ಜೆ, ಒಂದು ಹೆಸರು, ಕೊನೆಗೆ ಎಂ.ಜಿ.ಸಿ.

"ಈ ನಂಬರ್ ನೋಡಿ ಇವನು ಸೈನ್ಯ ಸೇರಿದ್ದು ಯಾವಾಗ ಅಂತ ಹೇಳೋಕಾಗುತ್ತಾ? ಒಬ್ಬರು 1908 ಅಂತಾರೆ, ಇನ್ನೊಬ್ಬರು 1916 ಅಂತಾರೆ" ಅಂತ ಕೇಳಿದ.

ಇಬ್ಬರು ಹೇಳಿದ್ದೂ ಸರಿ ಇರಬಹುದು. ಎಂ.ಜಿ.ಸಿ. ಅಂದರೆ ಮಷಿನ್ ಗನ್ ಕೋರ್. ಬ್ರಿಟಿಷ್ ಸೈನ್ಯದಲ್ಲಿ ಅದು ಹುಟ್ಟಿದ್ದೇ 1915ರ ಅಕ್ಟೋಬರ್‌ನಲ್ಲಿ. ಹಾಗಾಗಿ ಆ ನಂಬರು 1908ರದ್ದಾಗಲು ಸಾಧ್ಯವಿಲ್ಲ. ಆದರೆ ಆ ಮನುಷ್ಯ 1908ರಲ್ಲೇ ಸೈನ್ಯಕ್ಕೆ ಸೇರಿರಬಹುದು. ನಂಬರಿಗೆ ಒಂದು ವಯಸ್ಸು, ಸಿಪಾಯಿಗೆ ಇನ್ನೊಂದು. ಹಳೇ ಯುದ್ಧಗಳ ಕಾಗದ ಹುಡುಕುವವರು ಎಡವೋದು ಹೆಚ್ಚಾಗಿ ಇಲ್ಲೇ.

ನಮ್ಮ ಶಾಲೆಯ ಅಡ್ಮಿಷನ್ ರಿಜಿಸ್ಟರ್ ನೆನಪು ಮಾಡಿಕೊಳ್ಳಿ. ಒಂದನೇ ಕ್ಲಾಸಿಗೆ ಸೇರಿಸುವಾಗ ಹೆಡ್ ಮೇಷ್ಟ್ರು ಒಂದು ದಪ್ಪ ಪುಸ್ತಕ ತೆಗೆದು, ಹೆಸರು ಬರೆದು, ಪಕ್ಕದಲ್ಲಿ ನಂಬರ್ ಹಾಕುತ್ತಿದ್ದರು. 501 ಅಂದುಕೊಳ್ಳಿ. ಪಕ್ಕದೂರಿನ ಶಾಲೆಯಲ್ಲೂ ಒಬ್ಬ 501 ಇದ್ದೇ ಇರುತ್ತಿದ್ದ. ಟಿಸಿ ತಗೊಂಡು ಹೈಸ್ಕೂಲಿಗೆ ಹೋದರೆ ಅಲ್ಲಿ ಇನ್ನೊಂದು ಪುಸ್ತಕ, ಇನ್ನೊಂದು ನಂಬರು. ಹುಡುಗ ಅವನೇ, ಅಪ್ಪನ ಹೆಸರೂ ಅದೇ. ಬದಲಾಗಿದ್ದು ಪುಸ್ತಕ ಮಾತ್ರ.

1920ರವರೆಗೆ ಬ್ರಿಟಿಷ್ ಸೈನ್ಯ ಹೀಗೇ ನಡೆಯಿತು. ಅದಕ್ಕೆ ರೆಜಿಮೆಂಟಲ್ ನಂಬರ್ ಅಂತಲೇ ಹೆಸರಿತ್ತು. ಪ್ರತಿ ರೆಜಿಮೆಂಟಿಗೂ ತನ್ನದೇ ರಿಜಿಸ್ಟರ್. ಟೆರಿಟೋರಿಯಲ್ ದಳ, ಅಂದರೆ ವಾರಕ್ಕೊಮ್ಮೆ ಕವಾಯತು ಮಾಡುವ ಸ್ಥಳೀಯ ಸೈನ್ಯ, ಅಲ್ಲಿ ಪ್ರತಿ ಬೆಟಾಲಿಯನ್ನಿಗೂ ಒಂದೊಂದು. ಯುದ್ಧ ಶುರುವಾದ ಮೇಲೆ ಜನ ಲಕ್ಷಗಟ್ಟಲೆ ಬಂದು ಸೇರಿದರು. ಪುಸ್ತಕ ಸಾಲದಾದಾಗ ಗುಮಾಸ್ತರು ನಂಬರಿನ ಮುಂದೆ ಅಕ್ಷರ ಸೇರಿಸಿದರು. ರಾಯಲ್ ಫ್ಯೂಸಿಲಿಯರ್ಸ್ ರೆಜಿಮೆಂಟಿನಲ್ಲಿ ಲಂಡನ್ನಿನ ಷೇರು ದಲ್ಲಾಳಿಗಳೇ ಸೇರಿದ್ದ ಒಂದು ಬೆಟಾಲಿಯನ್ ಇತ್ತು, ಅವರ ನಂಬರಿನ ಮುಂದೆ ಎಸ್‌ಟಿಕೆ. ಲೀಡ್ಸ್ ಊರಿನ ಗೆಳೆಯರೆಲ್ಲ ಒಟ್ಟಿಗೆ ಹೋಗಿ ಸೇರಿದ ಬೆಟಾಲಿಯನ್ ವೆಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ 15ನೆಯದು. ಅವರ ನಂಬರು 15 ಅಂತ ಶುರುವಾಗಿ, ಒಂದು ಓರೆ ಗೆರೆ, ಆಮೇಲೆ ಅಂಕಿ. ಗಾಡಿಯ ಪ್ಲೇಟಿನಲ್ಲಿ ಕೆಎ-19 ನೋಡಿದ ಕೂಡಲೇ ಮಂಗಳೂರು ಅನ್ನುವ ಹಾಗೆ, ಗೊತ್ತಿದ್ದವರಿಗೆ ಅಷ್ಟೇ ಸಾಕಿತ್ತು.

ಆರ್ಮಿ ಸರ್ವಿಸ್ ಕೋರ್ ಇದರಲ್ಲಿ ಎಲ್ಲರನ್ನೂ ಮೀರಿಸಿತ್ತು. ಸೈನ್ಯಕ್ಕೆ ಊಟ, ಮೇವು, ಸಾಗಾಟ ನೋಡಿಕೊಳ್ಳುತ್ತಿದ್ದ ಕೋರ್ ಇದು. ಟಿ ಅಂದರೆ ಕುದುರೆ ಗಾಡಿಯವರು, ಎಂ ಅಂದರೆ ಮೋಟಾರಿನವರು, ಎಸ್ ಅಂದರೆ ರೇಷನ್ ವಿಭಾಗ, ಆರ್ ಅಂದರೆ ಸೈನ್ಯಕ್ಕೆ ಕುದುರೆ ಒದಗಿಸುವವರು. ಈ ಅಕ್ಷರ ಅಲಂಕಾರಕ್ಕೆ ಇಟ್ಟದ್ದಲ್ಲ, ನಂಬರಿನ ಭಾಗವೇ ಆಗಿತ್ತು. ಕುದುರೆ ಗಾಡಿಯವನಿಗೂ ಮೋಟಾರಿನವನಿಗೂ ಅದೇ ಅಂಕಿಗಳು ಸಿಕ್ಕಿರಬಹುದು, ಬೇರೆ ಮಾಡುತ್ತಿದ್ದದ್ದು ಮುಂದಿನ ಅಕ್ಷರ ಮಾತ್ರ. ಈಗ ಹಳೇ ಕಾಗದವನ್ನು ಕಂಪ್ಯೂಟರಿಗೆ ಏರಿಸುವವರು "ನಂಬರ್ ಅಂದ್ಮೇಲೆ ಅಂಕಿ ಸಾಕಲ್ವಾ" ಅಂತ ಅಕ್ಷರ ಬಿಟ್ಟರೆ, ಇಬ್ಬರು ಸಿಪಾಯಿಗಳು ಸದ್ದಿಲ್ಲದೆ ಒಬ್ಬರಾಗಿಬಿಡುತ್ತಾರೆ.

ಮಷಿನ್ ಗನ್ ಕೋರ್‌ನದ್ದು ಬೇರೆಯೇ ತೊಡಕು.

1914ರಲ್ಲಿ ಒಂದು ಬೆಟಾಲಿಯನ್ನಿಗೆ, ಅಂದರೆ ಸುಮಾರು ಸಾವಿರ ಜನಕ್ಕೆ, ಇದ್ದದ್ದು ಎರಡೇ ಎರಡು ಮಷಿನ್ ಗನ್. ಕಂದಕಗಳಲ್ಲಿ ಒಂದು ವರ್ಷ ಕೂತ ಮೇಲೆ ಈ ಆಯುಧವನ್ನು ಹೀಗೆ ಹಂಚಿಬಿಟ್ಟರೆ ದಂಡ ಅಂತ ಗೊತ್ತಾಯಿತು. ಬೆಟಾಲಿಯನ್ನುಗಳಲ್ಲಿದ್ದ ಭಾರದ ವಿಕರ್ಸ್ ಗನ್ನುಗಳನ್ನೂ ಅವನ್ನು ನಡೆಸುವವರನ್ನೂ ಹೊರಗೆ ತೆಗೆದು, ಒಂದು ಬ್ರಿಗೇಡಿಗೆ ಒಂದು ಮಷಿನ್ ಗನ್ ಕಂಪನಿ ಅಂತ ಕಟ್ಟಿದರು. ಬೆಟಾಲಿಯನ್ನಿಗೆ ಬದಲಾಗಿ ಹಗುರವಾದ ಲೂಯಿಸ್ ಗನ್ ಕೊಟ್ಟರು. ಇಂಗ್ಲೆಂಡಿನ ಗ್ರಾಂಥಮ್ ಹತ್ತಿರ ಬೆಲ್ಟನ್ ಪಾರ್ಕ್‌ನಲ್ಲಿ ತರಬೇತಿ ಕೇಂದ್ರ. ಕೊನೆಯ ಹೊತ್ತಿಗೆ ಈ ಕೋರ್‌ನಲ್ಲಿ ದುಡಿದವರು 1,70,500 ಜನ. ಅದರಲ್ಲಿ 62,049 ಜನ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಬೇರೆ ಸಿಪಾಯಿಗಳು ಇದನ್ನು ಸುಮ್ನೆ ಸೂಸೈಡ್ ಕ್ಲಬ್ ಅಂತ ಕರೆಯಲಿಲ್ಲ.

ಈಗ ಗುಮಾಸ್ತನ ಮೇಜಿಗೆ ಬನ್ನಿ. ಹೊಸ ಕೋರ್, ಹೊಸ ರಿಜಿಸ್ಟರ್, ಒಂದರಿಂದ ಶುರು. ಒಂದು ಬ್ರಿಗೇಡಿನ ನಾಲ್ಕು ಬೆಟಾಲಿಯನ್ನಿನ ಗನ್ ತಂಡಗಳು ಒಟ್ಟಾಗಿ ಒಂದು ಕಂಪನಿ ಆಗುತ್ತಿವೆ. ಅವನ ಮುಂದೆ ನಾಲ್ಕು ಪಟ್ಟಿ ಇದೆ. ಇಂತಿಷ್ಟು ಅಂತ ಒಂದು ಕಟ್ಟು ನಂಬರು ಕೊಟ್ಟಿದ್ದಾರೆ. ಅವನು ಮೊದಲ ಪಟ್ಟಿ ಎತ್ತಿಕೊಂಡು ಮೇಲಿಂದ ಕೆಳಗೆ ನಂಬರ್ ಹಾಕುತ್ತಾ ಹೋಗುತ್ತಾನೆ, ಆಮೇಲೆ ಎರಡನೆಯದು. ಪಟ್ಟಿ ಹೆಸರಿನ ಅಕ್ಷರದ ಸಾಲಿನಲ್ಲಿದ್ದರೆ ನಂಬರೂ ಅದೇ ಸಾಲಿನಲ್ಲಿ. ಬೆಂಗಳೂರು ದಂಡಿನಲ್ಲಿ ವರ್ಷಗಟ್ಟಲೆ ಕವಾಯತು ಮಾಡಿ ಬಂದ ಹಳೇ ಸಿಪಾಯಿಗೆ ಒಂದು ನಂಬರು, ನಿನ್ನೆ ಮೊನ್ನೆ ಗಿರಣಿ ಬಿಟ್ಟು ಬಂದ ಹುಡುಗನಿಗೆ ಅದರ ಮುಂದಿನದು. ಹಿರಿತನಕ್ಕೆ ಅಲ್ಲಿ ಜಾಗ ಇಲ್ಲ.

ಅವನ ಹಳೇ ನಂಬರು ಏನಾಯಿತು? ಹಳೇ ರೆಜಿಮೆಂಟಿನ ಪುಸ್ತಕದಲ್ಲೇ ಉಳಿಯಿತು. 15 ಅಂತ ಶುರುವಾಗುತ್ತಿದ್ದ ಲೀಡ್ಸ್ ಹುಡುಗನ ಊರಿನ ಗುರುತು ಅಲ್ಲಿಗೇ ಮುಗಿಯಿತು. ಇದೇ ಕೋರ್‌ನ ಕುದುರೆ ಶಾಖೆ ಬೇರೆ, ಮೋಟಾರ್ ಶಾಖೆ ಬೇರೆ. ಭಾರೀ ಗುಟ್ಟಾಗಿ ಕಟ್ಟಿದ ಹೆವಿ ಸೆಕ್ಷನ್ ಅನ್ನೋದು ಇನ್ನೊಂದು ಶಾಖೆ. 1916ರ ಸೆಪ್ಟೆಂಬರ್‌ನಲ್ಲಿ ಮೊದಲ ಟ್ಯಾಂಕುಗಳನ್ನು ಯುದ್ಧಕ್ಕೆ ಇಳಿಸಿದವರು ಇವರೇ. 1917ರ ಜುಲೈನಲ್ಲಿ ಅದು ಟ್ಯಾಂಕ್ ಕೋರ್ ಆಗಿ ಬೇರೆ ಮನೆ ಮಾಡಿತು. ರೆಜಿಮೆಂಟಿನಿಂದ ಮಷಿನ್ ಗನ್ನಿಗೆ, ಅಲ್ಲಿಂದ ಟ್ಯಾಂಕಿಗೆ ಹೋದ ಒಬ್ಬನೇ ಮನುಷ್ಯ ನಾಲ್ಕು ವರ್ಷದಲ್ಲಿ ಮೂರು ನಂಬರು ಹೊತ್ತಿರಬಹುದು. ಪದಕದ ಅಂಚಿಗೆ ಹೋಗುತ್ತಿದ್ದದ್ದು ಸಾಮಾನ್ಯವಾಗಿ ಅವನು ಮೊದಲ ಸಲ ಸಮುದ್ರ ದಾಟಿದಾಗ ಇದ್ದ ನಂಬರು. ಗೋರಿ ಕಲ್ಲಿನ ಮೇಲೆ ಇರುವುದು ಕೊನೆಯದು. ಎರಡೂ ಹೊಂದದೆ ಹೋದರೆ ಎರಡರಲ್ಲಿ ಒಂದು ತಪ್ಪು ಅಂತ ಅರ್ಥ ಅಲ್ಲ.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳೋದ್ಯಾಕೆ, ಸಿಪಾಯಿಯ ಕಡತ ತೆಗೆದು ನೋಡಿದರೆ ಆಯ್ತಲ್ಲ ಅನ್ನಬಹುದು. ಕಡತ ಇದ್ದರೆ ತಾನೇ. 1940ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಬಾಂಬು ಲಂಡನ್ನಿನ ಆರ್ನ್‌ಸೈಡ್ ಬೀದಿಯ ದಾಖಲೆ ಉಗ್ರಾಣಕ್ಕೆ ಬಿತ್ತು. ಮೊದಲ ಮಹಾಯುದ್ಧದ ಸಿಪಾಯಿಗಳ ಕಡತಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸುಟ್ಟುಹೋದವು. ಉಳಿದವುಗಳಿಗೆ ಇವತ್ತಿಗೂ ಸುಟ್ಟ ಕಾಗದಗಳು ಅಂತಲೇ ಹೆಸರು, ಅಂಚು ಕರಿಕಾದ ಹಾಳೆಗಳು. ಮಷಿನ್ ಗನ್ ಕೋರ್‌ನ ನಸೀಬು ಇನ್ನೂ ಕೆಟ್ಟದು. 1920ರಲ್ಲೇ ಷಾರ್ನ್‌ಕ್ಲಿಫ್‌ನಲ್ಲಿದ್ದ ಅದರ ಮುಖ್ಯ ಕಚೇರಿಗೆ ಬೆಂಕಿ ಬಿದ್ದು ಹೆಸರಿನ ಪಟ್ಟಿಗಳು, ಆದೇಶ ಪುಸ್ತಕಗಳು ಹೋದವು. 1922ರಲ್ಲಿ ಕೋರನ್ನೇ ಮುಚ್ಚಿದರು. ಒಂದೂ ಮುಕ್ಕಾಲು ಲಕ್ಷದಷ್ಟು ಜನ ದುಡಿದ ಒಂದು ಸಂಸ್ಥೆ ಏಳು ವರ್ಷವೂ ಬಾಳಲಿಲ್ಲ, ತನ್ನ ರಿಜಿಸ್ಟರನ್ನೂ ಬಿಟ್ಟು ಹೋಗಲಿಲ್ಲ.

ಹಾಗಾಗಿ ಉಳಿದ ಎಳೆ ನಂಬರೇ. ಅದನ್ನು ಓದುವ ದಾರಿಯೂ ಒಂದಿದೆ. ಒಂಟಿ ನಂಬರನ್ನು ದಿಟ್ಟಿಸಿ ಕೂತರೆ ಏನೂ ಸಿಗಲ್ಲ, ಅಕ್ಕಪಕ್ಕದವರನ್ನು ಕೇಳಬೇಕು. ಪದಕ ಕೊಟ್ಟ ಪಟ್ಟಿಗಳು, ಪ್ರತಿ ಸಿಪಾಯಿಗೆ ಮಾಡಿದ ಸಣ್ಣ ಕಾರ್ಡುಗಳು ಉಳಿದಿವೆ. ಎಷ್ಟೋ ಕಾರ್ಡುಗಳಲ್ಲಿ ಹಳೇ ರೆಜಿಮೆಂಟು, ಹಳೇ ನಂಬರು ಎರಡೂ ಇವೆ. ನಾನೂ ಗೆಳೆಯನೂ ಮಾಡಿದ್ದು ಅದನ್ನೇ. ಒಂದು ಭಾನುವಾರ ಇಬ್ಬರೂ ಅವರವರ ಕಂಪ್ಯೂಟರ್ ಮುಂದೆ ಕೂತು, ಪದಕದ ನಂಬರಿನ ಹಿಂದಿನ ಹತ್ತು, ಮುಂದಿನ ಹತ್ತು ಹುಡುಕಿದೆವು. ಕೆಲವರು ಸಿಗಲೇ ಇಲ್ಲ. ಸಿಕ್ಕವರಲ್ಲಿ ಬಹಳ ಜನ ಒಂದೇ ರೆಜಿಮೆಂಟಿನಿಂದ ಬಂದವರು. ಒಬ್ಬನ ಸುಟ್ಟ ಕಡತದಲ್ಲಿ ಕೋರ್‌ಗೆ ವರ್ಗವಾದ ತಾರೀಕು ಅರ್ಧ ಕಾಣುತ್ತಿತ್ತು, 1916ರ ಚಳಿಗಾಲದ್ದು. ನಮ್ಮ ಪದಕದವನೂ ಅದೇ ಗುಂಪಿನಲ್ಲಿ, ಅದೇ ವಾರ, ಗ್ರಾಂಥಮ್‌ಗೆ ಬಂದಿರಬೇಕು ಅಂತ ಊಹಿಸಬಹುದು. ಊಹೆ ಅಷ್ಟೇ. ಸೈನ್ಯಕ್ಕೆ ಸೇರಿದ ದಿನ ಇದರಿಂದ ಗೊತ್ತಾಗುವುದಿಲ್ಲ.

ಮುನ್ನುಗ್ಗಿ ಹೇಳುವವರಿಗೆ ಇನ್ನೊಂದು ಗುಂಡಿ ಇದೆ. ಆರಂಕಿ ನಂಬರು ಕಂಡರೆ "ಓ, ಇವನು ಕೊನೆಕೊನೆಗೆ ಬಲವಂತದ ಸೇರ್ಪಡೆಯಲ್ಲಿ ಬಂದವನು" ಅಂದುಬಿಡುತ್ತಾರೆ. 1917ರ ಶುರುವಿನಲ್ಲಿ ಟೆರಿಟೋರಿಯಲ್ ಕಾಲಾಳುಗಳಿಗೆಲ್ಲ ಹೊಸ ನಂಬರು ಹಾಕಿದರು. ಒಂದೇ ರೆಜಿಮೆಂಟಿನ ಬೇರೆ ಬೇರೆ ಬೆಟಾಲಿಯನ್ನಿನಲ್ಲಿ ಒಂದೇ ನಂಬರಿನವರು ಸಿಕ್ಕಿ, ಸಂಬಳ ಯಾರಿಗೆ, ಸಾವಿನ ಸುದ್ದಿ ಯಾರ ಮನೆಗೆ ಅನ್ನೋ ಗೊಂದಲ ಸಾಕಾಗಿತ್ತು. ರೆಜಿಮೆಂಟಿನ ಮೊದಲ ಟೆರಿಟೋರಿಯಲ್ ಬೆಟಾಲಿಯನ್ನಿಗೆ 200001ರಿಂದ, ಮುಂದಿನದಕ್ಕೆ 240001ರಿಂದ, ಅದರಾಚೆಯದಕ್ಕೆ 265001ರಿಂದ, ಹೀಗೆ. ಈ ದಳ ಶುರುವಾದ 1908ರಲ್ಲೇ ಸೇರಿ, ಯುದ್ಧದ ಉದ್ದಕ್ಕೂ ಉಳಿದುಕೊಂಡ ಹಳಬನಿಗೇ 200001ರ ಆಸುಪಾಸಿನ ನಂಬರು ಸಿಕ್ಕಿತು. ಆರಂಕಿ ಅಂದರೆ ಹೊಸಬ ಅನ್ನೋ ಲೆಕ್ಕ ಅಲ್ಲಿಗೆ ತಲೆಕೆಳಗು. ಇಷ್ಟು ಮಾಡಿಯೂ ರಿಪೇರಿ ಅರ್ಧಂಬರ್ಧವೇ. ಪ್ರತಿ ರೆಜಿಮೆಂಟೂ 200001ರಿಂದಲೇ ಶುರು ಮಾಡಿತ್ತಲ್ಲ!

ಪೂರ್ತಿ ರಿಪೇರಿ ಆದದ್ದು 1920ರಲ್ಲಿ. ಇಡೀ ಸೈನ್ಯಕ್ಕೆ ಒಂದೇ ಸಾಲು, ಅದನ್ನು ತುಂಡು ಮಾಡಿ ಒಂದೊಂದು ಕೋರ್‌ಗೆ ಹಂಚಿದರು. 1ರಿಂದ 294000 ಸರ್ವಿಸ್ ಕೋರ್‌ಗೆ, ಆ ಹೊತ್ತಿಗೆ ಅದರ ಹೆಸರಿಗೆ ರಾಯಲ್ ಸೇರಿತ್ತು. 1842001ರಿಂದ 2303000 ಎಂಜಿನಿಯರುಗಳಿಗೆ. 7245001ರಿಂದ 7539000 ಆಸ್ಪತ್ರೆ ಕೋರ್‌ಗೆ. ಒಮ್ಮೆ ಕೊಟ್ಟ ನಂಬರು ಕೊನೆವರೆಗೂ, ಯಾವ ರೆಜಿಮೆಂಟಿಗೆ ವರ್ಗವಾದರೂ ಬದಲಿಲ್ಲ.

ಇಲ್ಲಿ ನಂಬರಿನ ಅರ್ಥವೇ ತಿರುಗಿತು, ಇದನ್ನು ಬಹಳ ಜನ ಗಮನಿಸುವುದಿಲ್ಲ. 1920ಕ್ಕೆ ಮೊದಲು ನಂಬರು ಹೇಳುತ್ತಿದ್ದದ್ದು, ಆ ಕಾಗದ ಬರೆದ ಹೊತ್ತಿಗೆ ಸಿಪಾಯಿ ಎಲ್ಲಿದ್ದ ಅಂತ. ಆಮೇಲಿನ ನಂಬರು ಹೇಳೋದು, ಅವನು ಮೊದಲು ಎಲ್ಲಿ ಸೇರಿದ ಅಂತ. 1942ರ ಜುಲೈನಿಂದ ಅದೂ ಮಸುಕಾಯಿತು. ಹೊಸದಾಗಿ ಬಂದವರನ್ನೆಲ್ಲ ಮೊದಲು ಜನರಲ್ ಸರ್ವಿಸ್ ಕೋರ್‌ಗೆ ಸೇರಿಸಿ, ಆರು ವಾರ ಪಾಠ ಹೇಳಿ, ಯಾರು ಯಾವುದಕ್ಕೆ ತಕ್ಕವರು ಅಂತ ನೋಡಿ ಹಂಚುತ್ತಿದ್ದರು. ಇವರಿಗೆ 14200001ರಿಂದ ಮುಂದಿನ ನಂಬರು. ಎಂಟಂಕಿಯ ಆ ನಂಬರಿನಿಂದ ಕಾಲ ತಿಳಿಯುತ್ತದೆ, ರೆಜಿಮೆಂಟು ತಿಳಿಯುವುದಿಲ್ಲ.

ಈ ವ್ಯತ್ಯಾಸ ಈಗ ಬೇಕಾಗಿದೆ. 2022ರಿಂದ ಬ್ರಿಟನ್ನಿನ ರಕ್ಷಣಾ ಇಲಾಖೆ ತನ್ನಲ್ಲಿದ್ದ ಸುಮಾರು 97 ಲಕ್ಷ ಸೇವಾ ಕಡತಗಳನ್ನು ಅಲ್ಲಿನ ರಾಷ್ಟ್ರೀಯ ಪತ್ರಾಗಾರಕ್ಕೆ ಸಾಗಿಸುತ್ತಾ ಬಂದಿದೆ. ಇವುಗಳಲ್ಲಿ ಹೆಚ್ಚಿನವು 1920ರ ನಂತರದ ಪದ್ಧತಿಯವು. ಮನೆಮನೆಯ ವಂಶವೃಕ್ಷ ಮಾಡುವವರು ಅಜ್ಜನ ಕಡತ ಇಲ್ಲಿ, ಮುತ್ತಜ್ಜನ ಕಾರ್ಡು ಅಲ್ಲಿ ಅಂತ ಎರಡನ್ನೂ ಒಂದೇ ಪರದೆ ಮೇಲೆ ನೋಡುತ್ತಾರೆ. ಒಂದೇ ನಿಯಮ ಇಟ್ಟುಕೊಂಡು ಓದಿದರೆ ಒಂದಲ್ಲ ಒಂದು ತಪ್ಪುತ್ತದೆ. ಸಾಫ್ಟ್‌ವೇರ್ ತಾನಾಗಿ "ಇವರಿಬ್ಬರೂ ಒಬ್ಬರೇ ಇರಬಹುದು" ಅಂತ ಸೂಚನೆ ಕೊಟ್ಟಾಗಂತೂ ಜನ ಹಿಂದೆ ಮುಂದೆ ನೋಡದೆ ಹೂಂ ಅಂದುಬಿಡುತ್ತಾರೆ.

ನಮ್ಮ ಇವತ್ತಿನ ಭಾರತೀಯ ಸೇನೆಯ ನಂಬರುಗಳೂ ಈ ಎರಡನೇ ಜಾತಿಯವು. 1971ರಲ್ಲಿ ಗಂಗಾಸಾಗರದಲ್ಲಿ ಪ್ರಾಣ ಕೊಟ್ಟು ಪರಮವೀರ ಚಕ್ರ ಪಡೆದ ಆಲ್ಬರ್ಟ್ ಎಕ್ಕಾ ಆಗ ಇದ್ದದ್ದು ಗಾರ್ಡ್ಸ್ ದಳದ 14ನೇ ಬೆಟಾಲಿಯನ್ನಿನಲ್ಲಿ. ಅವರ ನಂಬರು 4239746. 42 ಅಂತ ಶುರುವಾಗುವ ಆ ಸಾಲು ಬಿಹಾರ್ ರೆಜಿಮೆಂಟಿನದು, ಅವರು ಮೊದಲು ಸೇರಿದ್ದು ಅಲ್ಲಿಗೆ.

ಅಧಿಕಾರಿಗಳ ನಂಬರಿನಲ್ಲಿ ಇನ್ನೊಂದು ಸೊಗಸು ಇದೆ. ಕಾರ್ಗಿಲ್‌ನ ಕ್ಯಾಪ್ಟನ್ ಮನೋಜ್ ಕುಮಾರ್ ಪಾಂಡೆಯವರದ್ದು ಐಸಿ-56959ಡಬ್ಲ್ಯೂ. ಆ ಕೊನೆಯ ಡಬ್ಲ್ಯೂ ತಪ್ಪು ಹಿಡಿಯುವ ಕಾವಲುಗಾರ. ಅಂಕಿಗಳನ್ನು ಎಡದಿಂದ ಕ್ರಮವಾಗಿ 6, 5, 4, 3, 2ರಿಂದ ಗುಣಿಸಿ ನೋಡಿ: 30, 30, 36, 15, 18. ಕೂಡಿದರೆ 129. ಅದನ್ನು 11ರಿಂದ ಭಾಗಿಸಿದರೆ ಉಳಿಯೋದು 8. ಸೊನ್ನೆಯಿಂದ ಹತ್ತರವರೆಗೆ ಎ, ಎಫ್, ಎಚ್, ಕೆ, ಎಲ್, ಎಂ, ಎನ್, ಪಿ, ಡಬ್ಲ್ಯೂ, ಎಕ್ಸ್, ವೈ ಅಂತ ಹನ್ನೊಂದು ಅಕ್ಷರ ಇಟ್ಟಿದ್ದಾರೆ. 8ಕ್ಕೆ ಬರೋದು ಡಬ್ಲ್ಯೂ. ಗುಮಾಸ್ತ ಒಂದು ಅಂಕಿ ತಪ್ಪಿ ಬರೆದರೆ ಅಕ್ಷರ ಹೊಂದುವುದಿಲ್ಲ, ಅಲ್ಲೇ ಸಿಕ್ಕಿಬೀಳುತ್ತದೆ. ಗ್ರಾಂಥಮ್‌ನ ಗುಮಾಸ್ತನಿಗೆ ಇಂಥದೊಂದು ಇದ್ದಿದ್ದರೆ ನಮಗೆಷ್ಟೋ ಭಾನುವಾರ ಉಳಿಯುತ್ತಿತ್ತು.

ಮೊದಲ ಮಹಾಯುದ್ಧದ ಭಾರತೀಯ ಸಿಪಾಯಿಗಳಿಗೆ ಬಂದರೆ ಮತ್ತೆ ಶಾಲೆಯ ರಿಜಿಸ್ಟರ್ ಕಥೆಯೇ. 1914ರ ಅಕ್ಟೋಬರ್ 31ರಂದು ಬೆಲ್ಜಿಯಂನ ಹೊಲೆಬೆಕ್‌ನಲ್ಲಿ ಜೊತೆಯವರೆಲ್ಲ ಸತ್ತ ಮೇಲೂ ಮಷಿನ್ ಗನ್ ಬಿಡದೆ ನಡೆಸಿದ ಖುದಾದಾದ್ ಖಾನ್‌ಗೆ ವಿಕ್ಟೋರಿಯಾ ಕ್ರಾಸ್ ಬಂತು. ಗೆಜೆಟ್‌ನಲ್ಲಿ ಅವರು 129ನೇ ಬಲೂಚಿಗಳ ಸಿಪಾಯಿ, ನಂಬರು 4050. 1916ರ ಜನವರಿಯಲ್ಲಿ ಮೆಸೊಪೊಟೇಮಿಯಾದಲ್ಲಿ ಗಾಯಗೊಂಡವರನ್ನು ಗುಂಡಿನ ಮಳೆಯಲ್ಲಿ ಹೊತ್ತು ತಂದ ಲಾಲಾ, 41ನೇ ಡೋಗ್ರಾ ದಳದವರು. ಅವರ ನಂಬರು ನಮ್ಮ ಶಾಲೆಯ ಹುಡುಗನದ್ದೇ, 501. ಇನ್ನೊಂದು ರೆಜಿಮೆಂಟಿನಲ್ಲೂ ಒಬ್ಬ 501 ಇರಲು ಯಾವ ಅಡ್ಡಿಯೂ ಇರಲಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾಕ್ಕೆ ನುಗ್ಗಿದ ಮೈಸೂರು ಲ್ಯಾನ್ಸರ್ಸ್ ಮಾತು ಇನ್ನೂ ಬೇರೆ. ಅದು ಮಹಾರಾಜರ ಸೈನ್ಯ, ಭಾರತೀಯ ಸೇನೆಯ ರೆಜಿಮೆಂಟಲ್ಲ. ಅಜ್ಜ ಆ ದಳದಲ್ಲಿದ್ದ ಅನ್ನುವವರು ಹುಡುಕಾಟ ಶುರು ಮಾಡಬೇಕಾದ ಬಾಗಿಲೇ ಬೇರೆ.

ಇಲ್ಲಿ ಸಿಪಾಯಿಗೆ ನಂಬರು ಸಿಕ್ಕಿದ್ದೇ ಪುಣ್ಯ ಅನ್ನುವ ಮಾತೂ ಇದೆ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷರ ಹೆಸರುಗಳಿವೆ, ಭಾರತೀಯ ಅಧಿಕಾರಿಗಳ ಹೆಸರುಗಳಿವೆ. ಸಾಮಾನ್ಯ ಭಾರತೀಯ ಸಿಪಾಯಿಗೆ ಹೆಸರೂ ಇಲ್ಲ, ನಂಬರೂ ಇಲ್ಲ. ರೆಜಿಮೆಂಟಿನ ಹೆಸರು ಬರೆದು ಮುಂದೆ ಇಷ್ಟು ಜನ ಅಂತ ಲೆಕ್ಕ ಕೊಟ್ಟರು. ಗುರುತಿನ ಸಂಖ್ಯೆ ಇದ್ದವರು ತಲೆ ಎಣಿಕೆಯ ಸಂಖ್ಯೆಯಾದರು. ಕಾಮನ್‌ವೆಲ್ತ್ ಸಮಾಧಿ ಆಯೋಗದ 2021ರ ವರದಿ ಇದನ್ನು ಒಪ್ಪಿಕೊಂಡಿತು. ಭಾರತ, ಆಫ್ರಿಕಾ, ಈಜಿಪ್ಟ್ ಕಡೆಯ 45,000ದಿಂದ 54,000 ಜನರ ನೆನಪನ್ನು ಸಮಾನವಾಗಿ ನಡೆಸಿಕೊಂಡಿಲ್ಲ. ಇನ್ನೂ ಕನಿಷ್ಠ 1,16,000 ಜನರ ಹೆಸರು ಎಲ್ಲೂ ಬರೆದಿಲ್ಲ, ಅದು 3,50,000ವರೆಗೂ ಇರಬಹುದು ಅಂತ ಅದು ಹೇಳಿತು.

ಈಗ ಆ ಹೆಸರುಗಳನ್ನು ಹುಡುಕಿ ಸೇರಿಸುವ ಕೆಲಸದಲ್ಲಿ ಮತ್ತೆ ಅದೇ ಪ್ರಶ್ನೆ: ಯಾವ 501? ಬರೀ ಅಂಕಿ ಹಿಡಿದು ಹೋದರೆ ಒಬ್ಬನ ಸಾವು ಇನ್ನೊಬ್ಬನ ಲೆಕ್ಕಕ್ಕೆ ಸೇರುತ್ತದೆ. ನಂಬರು, ರೆಜಿಮೆಂಟು, ಬೆಟಾಲಿಯನ್ನು, ಹೆಸರು ನಾಲ್ಕೂ ಹೊಂದಬೇಕು. ಹೆಸರಂತೂ ಇಂಗ್ಲಿಷ್ ಗುಮಾಸ್ತನ ಕಿವಿಗೆ ಕೇಳಿದ ಹಾಗೆ. ಅದೇ ಗೆಜೆಟ್‌ನಲ್ಲೇ, ವಿಕ್ಟೋರಿಯಾ ಕ್ರಾಸ್ ಪಡೆದ ಇನ್ನೊಬ್ಬ ಸಿಪಾಯಿ ಗಬರ್ ಸಿಂಗ್ ನೇಗಿ ಗೋಬರ್ ಸಿಂಗ್ ಆಗಿದ್ದಾರೆ.

ಲಾಹೋರ್ ಮ್ಯೂಸಿಯಂನಲ್ಲಿ ಒಂದು ಬೇರೆ ಬಗೆಯ ದಾಖಲೆ ಉಳಿದುಕೊಂಡಿತ್ತು. ಯುದ್ಧ ಮುಗಿದ ಮೇಲೆ ಪಂಜಾಬ್ ಸರ್ಕಾರ ಯಾರ್ಯಾರು ಹೋಗಿದ್ದರು ಅಂತ ಬರೆಸಿದ ರಿಜಿಸ್ಟರುಗಳು, ಸುಮಾರು 3,20,000 ಜನರ ವಿವರ. 2021ರಲ್ಲಿ ಅವು ಆನ್‌ಲೈನ್‌ಗೆ ಬರಲು ಶುರುವಾದವು. ಅದನ್ನು ಬರೆದವರು ಹೋಗಿದ್ದು ರೆಜಿಮೆಂಟಿನ ಕಚೇರಿಯ ಸಾಲಿನಲ್ಲಲ್ಲ, ಹಳ್ಳಿಹಳ್ಳಿಯ ಸಾಲಿನಲ್ಲಿ. ಊರು, ಸಿಪಾಯಿಯ ಹೆಸರು, ಅಪ್ಪನ ಹೆಸರು, ಯಾವ ದಳ. ಬರ್ಮಿಂಗ್‌ಹ್ಯಾಮ್‌ನಲ್ಲೋ ಅಮೃತಸರದಲ್ಲೋ ಕೂತ ಮರಿಮೊಮ್ಮಗನಿಗೆ ನಂಬರು ಗೊತ್ತಿರುವುದಿಲ್ಲ. ಅವನು ಮೊದಲು ಟೈಪ್ ಮಾಡೋದು ಊರಿನ ಹೆಸರು.